ಐದು ಕಾಲುಚೀಲ, ಒಂದು ಮೂಗು

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದು ಬಕೆಟ್ ಬಿಸಿನೀರು. ಅಂದು ಬೆಳಿಗ್ಗೆ ಆ ಬಕೆಟ್ಟಿನಲ್ಲಿ ಐದು ಉಣ್ಣೆ ಕಾಲುಚೀಲಗಳು ಮುಳುಗಿದವು. ಅವುಗಳ ಜೊತೆಗೇ ಮೂಗುರಾಯನ ಒಂಬತ್ತು ವರ್ಷದ ಮರ್ಯಾದೆಯೂ ಬುಳಬುಳನೆ ಮುಳುಗಿತು.

ಮೂಗುರಾಯ ಎಂಬುದು ಹುಟ್ಟಿದಾಗ ಇಟ್ಟ ಹೆಸರಲ್ಲ, ಬೆಳೆದ ಮೇಲೆ ಬಂದದ್ದು. ಬೆಳೆದದ್ದು ಅವನಿಗಿಂತ ಅವನ ಮೂಗೇ ಹೆಚ್ಚು. ಅವನು ಬೀದಿಯ ತಿರುವಿನಲ್ಲಿ ಬರುವಾಗ ಮೊದಲು ಮೂಗು ಬರುತ್ತಿತ್ತು. ಉಳಿದವನು ಬಂದು ಸೇರುವಷ್ಟರಲ್ಲಿ ಎದುರಿನವರಿಗೆ ಟೋಪಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ನಿಲ್ಲುವಷ್ಟು ಸಮಯ ಸಿಗುತ್ತಿತ್ತು. ಎಂಥ ಜಡಿಮಳೆ ಬಂದರೂ ಅವನ ಮೀಸೆ ಮಾತ್ರ ಒಂದು ಹನಿ ನೆನೆದದ್ದಿಲ್ಲ.

ಸಿಹಿ ವೈನುಗಳನ್ನು ಮಾತ್ರ ಮಾರುವ ಒಂದು ಹಳೆಯ ಮಳಿಗೆಯಲ್ಲಿ ನೆಲಮಾಳಿಗೆಯ ಉಸ್ತುವಾರಿ ಅವನದು. ಊಟವಾದ ಮೇಲೆ ಗುಬ್ಬಚ್ಚಿಗೆ ನೀರಿಡುವಂಥ ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯುವ, ಜೇನಿನ ತಮ್ಮನಂತಿರುವ ವೈನುಗಳು ಅವು. ಮೂಗುರಾಯ ಲೋಟದ ಮೇಲೆ ಮೂಗು ಬಾಗಿಸಿ, ಕಣ್ಣು ಮುಚ್ಚಿ, “ಆಹಾ, ಬೆಟ್ಟದ ಇಳಿಜಾರು... ಸಂಜೆಯ ಬಿಸಿಲು... ಒಂದು ಕಿತ್ತಳೆ ಮರ...” ಎಂದರೆ ಸಾಕು, ಗಿರಾಕಿಗಳು ಆ ಮರದ ನೆರಳಿನಲ್ಲೇ ಕೂತವರಂತೆ ನಿಟ್ಟುಸಿರು ಬಿಟ್ಟು ಎರಡು ಪೆಟ್ಟಿಗೆ ಕಟ್ಟಿಸಿಕೊಳ್ಳುತ್ತಿದ್ದರು.

ಅಂದು ಬೆಳಿಗ್ಗೆ ಒಂಬತ್ತೂವರೆಗೆ ಅವನು ನೆಲಮಾಳಿಗೆಗೆ ಇಳಿದು ದೀಪ ಹಾಕಿದ. ಹಾಕಿದವನು ಹಾಗೇ ನಿಂತುಬಿಟ್ಟ. ಕೈ ಸ್ವಿಚ್ಚಿಗೆ ಅಂಟಿಕೊಂಡಿತು. ಮೇಜಿನ ಮೇಲೆ ಐದು ಬಾಟಲಿಗಳು ಮೈಮೇಲೆ ಒಂದೆಳೆ ನೂಲಿಲ್ಲದೆ, ನಾಚಿಕೆಬಿಟ್ಟು, ಸಾಲಾಗಿ ನಿಂತಿದ್ದವು.

“ಅಯ್ಯಯ್ಯೋ! ಕಾಲುಚೀಲ ಎಲ್ಲಿ?”

ಅವನು ಕೂಗಿದ ರಭಸಕ್ಕೆ ಮೂರನೆಯ ಕಪಾಟಿನ ಜೇಡ ವಾಸ ಬದಲಿಸಿತು.

ಈ ಕಾಲುಚೀಲದ ವಿಷಯ ಹೇಳಲೇಬೇಕು. ಲೇಬಲ್ ಕಂಡ ಕೂಡಲೇ ಗಿರಾಕಿಯ ನಾಲಿಗೆ ಕೆಲಸ ನಿಲ್ಲಿಸುತ್ತದೆ ಎಂಬುದು ಯಜಮಾನ್ತಿಯ ಮಾವನವರ ಸಿದ್ಧಾಂತವಾಗಿತ್ತು. ಆದ್ದರಿಂದ ದೊಡ್ಡ ಗಿರಾಕಿ ಬರುವ ಹಿಂದಿನ ದಿನ ವೈನುಗಳನ್ನೆಲ್ಲ ಒಂದೇ ಥರದ ಬೋಳು ಬಾಟಲಿಗಳಿಗೆ ಬಗ್ಗಿಸಿ, ಪ್ರತಿ ಬಾಟಲಿಗೂ ಮಾವನವರ ಹಳೆಯ ಉಣ್ಣೆ ಕಾಲುಚೀಲ ತೊಡಿಸಬೇಕು. ಹಿಮ್ಮಡಿಯ ಮೇಲೆ ಕೆಂಪು ದಾರದಲ್ಲಿ ಒಂದರಿಂದ ಐದರವರೆಗೆ ಸಂಖ್ಯೆ. ಯಾವ ಸಂಖ್ಯೆ ಯಾವ ಸೀಮೆಯ ವೈನು ಎಂಬ ಚೀಟಿ ಮೂಗುರಾಯನ ಜೇಬಿನಲ್ಲಿ. ಗಿರಾಕಿ ಕುಡಿದು ಮೆಚ್ಚಿದ ಮೇಲೆ ಮೂಗುರಾಯ ಕಾಲುಚೀಲ ಎಳೆದು, “ಇದು ಇಂಥ ಸೀಮೆಯದು!” ಎಂದು ಘೋಷಿಸಬೇಕು. ಅರವತ್ತು ವರ್ಷಗಳಿಂದ ನಡೆದುಬಂದ ಕ್ರಮ. ಆ ಅರವತ್ತು ವರ್ಷಗಳಲ್ಲಿ ಕಾಲುಚೀಲಗಳನ್ನು ಯಾರೂ ಒಗೆದಿರಲಿಲ್ಲ.

“ಏನ್ ಸ್ವಾಮಿ, ಬೆಂಕಿ ಬಿದ್ದೋರ ಥರ ಕೂಗ್ತೀರಿ?” ಎನ್ನುತ್ತ ಪೊರಕೆ ಅಕ್ಕ ಇಳಿದು ಬಂದಳು. ಮಳಿಗೆ ಗುಡಿಸಿ ಒರೆಸುವ ಕೆಲಸದವಳು. ಹೊಸದಾಗಿ ಸೇರಿದ್ದಳು. “ಒಗ್ದು ಹಿಂದಿನ ತಂತಿ ಮೇಲೆ ಹಾಕಿದೀನಿ. ಏನ್ ನಾತ, ಏನ್ ನಾತ! ಒಳಗೆ ಯಾರೋ ಸತ್ತಿರ್ಬೇಕು ಅಂದ್ಕೊಂಡೆ. ನಿಮ್ಮಂಥ ಮೂಗಿಗೆ ಅದು ಹೆಂಗ್ ಗೊತ್ತಾಗ್ಲಿಲ್ಲ?”

ಮೂಗುರಾಯ ಮೇಜಿನ ಕಡೆ ಬೆರಳು ತೋರಿಸಿದ. “ಬಾಟಲಿ... ಬಾಟಲಿ ಇದ್ದ ಜಾಗದಲ್ಲೇ ಇದೆ ತಾನೆ?”

“ಎಲ್ಲಿ ಇರುತ್ತೆ? ಮೇಜು ಒರೆಸ್ಬೇಕಲ್ಲ. ಎಲ್ಲಾ ಕೆಳಗಿಳಿಸಿ, ಒರೆಸಿ, ಮತ್ತೆ ಚೆಂದಾಗಿ ಜೋಡಿಸಿದೀನಿ. ನೋಡಿ, ಸೈನಿಕರ ಥರ ನಿಂತಿವೆ.”

ಸೈನಿಕರೇ. ಒಂದೇ ಎತ್ತರ, ಒಂದೇ ದಪ್ಪ, ಒಂದೇ ಬಂಗಾರದ ಬಣ್ಣ. ಐವರೂ ಅವಳಿಗಳು. ಒಬ್ಬ ಫ್ರಾನ್ಸಿನ ಸೋಟರ್ನಿನವನು, ಒಬ್ಬ ಹಂಗೇರಿಯ ಟೊಕಾಯ್‌ನವನು, ಒಬ್ಬ ಕೆನಡಾದ ನಯಾಗರದವನು, ಒಬ್ಬ ಇಟಲಿಯ ಟಸ್ಕನಿಯವನು, ಒಬ್ಬ ಗ್ರೀಸಿನ ಸಾಮೋಸ್ ದ್ವೀಪದವನು. ಯಾರು ಯಾರೆಂದು ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ. ಹೊಸದಾಗಿ ಐದು ಬಾಟಲಿ ಒಡೆಯೋಣವೆಂದರೆ ಯಜಮಾನ್ತಿ ಹನಿಹನಿಗೂ ಲೆಕ್ಕ ಕೇಳುವವಳು.

“ಅದಕ್ಯಾಕೆ ಮುಖ ಹಿಂಡ್ಕೊತೀರಿ?” ಎಂದಳು ಪೊರಕೆ ಅಕ್ಕ. “ನೀವು ಒಂದ್ಸಲ ಮೂಸಿದ್ರೆ ಆಯ್ತಲ್ಲ!”

ಅಲ್ಲೇ ಇದ್ದದ್ದು ಮೂಗುರಾಯನ ಪ್ರಾಣಸಂಕಟ. ಆ ಮೂಗು ಸತ್ತು ಹತ್ತು ವರ್ಷವಾಗಿತ್ತು.

ಈ ಕೆಲಸಕ್ಕೆ ಸೇರುವ ಒಂದು ವರ್ಷ ಮೊದಲು ಬಂದ ಜ್ವರವೊಂದು ಹೋಗುವಾಗ ಅವನ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಅಷ್ಟು ದೊಡ್ಡ ಮೂಗು, ಒಳಗೆ ಏನೂ ಇಲ್ಲ. ಖಾಲಿ ಗೋದಾಮಿಗೆ ಆನೆ ನುಗ್ಗುವಷ್ಟು ಬಾಗಿಲು. ಗುಲಾಬಿಯೂ ಒಂದೇ, ಗಟಾರವೂ ಒಂದೇ. ಹೊಟ್ಟೆಪಾಡಿಗೆ ಅವನು ವೈನುಗಳ ಮೇಲಿನ ಒಂದು ದಪ್ಪ ಪುಸ್ತಕವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದ. ಜೇನುಮೇಣ, ಕಿತ್ತಳೆ ಸಿಪ್ಪೆ, ಅಕ್ರೋಟು ಎಲ್ಲ ಆ ಪುಸ್ತಕದಿಂದ ಬಂದವು, ಮೂಗಿನಿಂದಲ್ಲ. ಈ ಗುಟ್ಟು ಹೆಂಡತಿಗೂ ಗೊತ್ತಿರಲಿಲ್ಲ. ಸೀದ ಹಾಲನ್ನು ಚಕಾರವೆತ್ತದೆ ಕುಡಿಯುವ ಗಂಡ ತನ್ನೊಬ್ಬಳಿಗೇ ಸಿಕ್ಕಿದ್ದಾನೆಂದು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಸಂಜೆ ನಾಲ್ಕಕ್ಕೆ ಬರುವವನು ಸಾಮಾನ್ಯ ಗಿರಾಕಿಯಲ್ಲ. ಇಪ್ಪತ್ತೆರಡು ಹೋಟೆಲುಗಳಿಗೆ ವೈನು ಆರಿಸುವವನು. ಸೋಟರ್ನ್ ಎಂದು ಹೇಳಿ ಸಾಮೋಸ್ ತೋರಿಸಿದರೆ ಅವನಿಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾದರೆ ಯಜಮಾನ್ತಿಗೆ ಗೊತ್ತಾಗುತ್ತದೆ. ಯಜಮಾನ್ತಿಗೆ ಗೊತ್ತಾದರೆ ನೆಲಮಾಳಿಗೆಯ ಕೆಲಸ ಹೋಗುತ್ತದೆ, ಅದರ ಜೊತೆಗೆ ಬಂದಿದ್ದ ಮಹಡಿಯ ಮೇಲಿನ ಎರಡು ಕೋಣೆಗಳೂ ಹೋಗುತ್ತವೆ. ಮೂಸಲಾಗದವನಿಗೆ ವೈನಿನ ಕೆಲಸ ಯಾರು ಕೊಡುತ್ತಾರೆ?

“ನನಗೆ... ಇವತ್ತು ಸ್ವಲ್ಪ ನೆಗಡಿ,” ಎಂದ ಮೂಗುರಾಯ.

ನೆಗಡಿಯ ಸುದ್ದಿ ಮಳಿಗೆಯಲ್ಲಿ ಕಾಳ್ಗಿಚ್ಚಿನಂತೆ ಹರಡಿತು. ಎರಡು ನಿಮಿಷದಲ್ಲಿ ಭಾಮೈದ ಹಾಜರು. ಹೆಂಡತಿಯ ತಮ್ಮ. ಅಕ್ಕನ ಕಣ್ಣೀರಿಗೆ ಕರಗಿ ಮೂಗುರಾಯನೇ ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಸೇರಿಸಿದ್ದ.

“ಭಾವ, ನಾನಿರೋವಾಗ ನೀವ್ಯಾಕೆ ಹೆದರ್ತೀರಿ? ನಾನು ಕುಡಿದು ಹೇಳ್ತೀನಿ,” ಎಂದವನೇ ಮೊದಲ ಬಾಟಲಿಯಿಂದ ಒಂದು ಲೋಟ ಏರಿಸಿದ. ನಾಲಿಗೆ ಚಪ್ಪರಿಸಿದ. ಮಾಳಿಗೆಯ ತೊಲೆ ನೋಡಿದ.

“ಸಿಹಿ,” ಎಂದ ಭಾಮೈದ.

“ಸಿಹಿ ಅಂತ ನನಗೂ ಗೊತ್ತು! ಬೇರೆ ಏನು?”

ಎರಡನೆಯದನ್ನು ಕುಡಿದ. “ಇದೂ ಸಿಹಿ.” ಮೂರನೆಯದು. “ಇದು ಸಿಕ್ಕಾಪಟ್ಟೆ ಸಿಹಿ.” ನಾಲ್ಕನೆಯದಕ್ಕೆ ಅವನ ಕಣ್ಣು ತುಂಬಿ ಬಂತು. “ಭಾವ, ನೀವು ದೇವರಂಥೋರು ಭಾವ. ನಿಮ್ಮನ್ನ ನಾನು ಸರಿಯಾಗಿ ನೋಡ್ಕೊಳ್ಳಲೇ ಇಲ್ಲ.” ಐದನೆಯದಕ್ಕೆ ಪೆಟ್ಟಿಗೆಯೊಂದನ್ನು ಅಪ್ಪಿಕೊಂಡು ಕೂತುಬಿಟ್ಟ.

ಅಷ್ಟರಲ್ಲಿ ವ್ಯಾನ್ ಡ್ರೈವರ್ ಬಂದ. ತನಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದವನು. “ನಯಾಗರದ್ದು ಐಸ್ ವೈನ್ ತಾನೆ? ದ್ರಾಕ್ಷಿ ಬಳ್ಳೀಲೇ ಮಂಜುಗಡ್ಡೆ ಆದ್ಮೇಲೆ ಕಿತ್ತು ಹಿಂಡೋದು ಅಂತ ನೀವೇ ಹೇಳಿದ್ರಿ. ಅಂದ್ಮೇಲೆ ಯಾವ ಬಾಟಲಿ ತಣ್ಣಗಿದೆಯೋ ಅದೇ ಅದು. ಇಷ್ಟಕ್ಕೆಲ್ಲ ತಲೆ ಬೇಕೇನ್ರೀ?” ಎಂದು ಐದೂ ಬಾಟಲಿಗಳ ಹೊಟ್ಟೆ ಮುಟ್ಟಿ ನೋಡಿದ. ಡಾಕ್ಟರ ಗಾಂಭೀರ್ಯದಿಂದ ಒಂದನ್ನು ಎತ್ತಿ ಹಿಡಿದ. “ಇದು! ಖಂಡಿತ ಇದು!”

“ಅದನ್ನ ನಾನೀಗ ಒದ್ದೆ ಬಟ್ಟೇಲಿ ಒರೆಸಿದೀನಿ ಕಣಪ್ಪಾ,” ಎಂದಳು ಪೊರಕೆ ಅಕ್ಕ.

ಮೂಗುರಾಯನಿಗೆ ಒಂದು ಯೋಚನೆ ಮಿಂಚಿತು. ಕಾಲುಚೀಲದ ನಾತ ಹಿಡಿದವಳಿಗೆ ವೈನಿನ ವಾಸನೆ ಹಿಡಿಯಲಾಗದೆ? “ಅಕ್ಕಾ, ನೀನೇ ಮೂಸಿ ಹೇಳು. ಮೊದಲನೇದು. ಏಪ್ರಿಕಾಟ್ ವಾಸನೆ ಬರುತ್ತಾ?”

“ಅದೇನದು, ಪ್ರಾಣೀನಾ?”

“ಹಣ್ಣು, ಹಣ್ಣು! ಹೋಗಲಿ, ನಿನಗೆ ಏನು ಅನ್ಸುತ್ತೋ ಹೇಳು.”

ಪೊರಕೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಕೆಲಸಕ್ಕೆ ಇಳಿದಳು. “ಇದು ನಮ್ಮತ್ತೆ ಅಟ್ಟ ಹತ್ತಿದ ಹಾಗಿದೆ. ಇದು ಸ್ನಾನ ಮಾಡಿಕೊಂಡು ಹೊರಟ ಮದುಮಗಳು. ಇದು ಮೇಣದಬತ್ತಿ ಆರಿಸಿದ ಮೇಲೆ ಬರುತ್ತಲ್ಲ, ಹಾಗೆ. ಇದು ನಮ್ಮ ಪಕ್ಕದ್ಮನೆಯೋಳು: ಮಾತಲ್ಲಿ ಸಕ್ಕರೆ, ಒಳಗೆ ನಿಂಬೆಹಣ್ಣು. ಇದು... ಇದು ಕಿಟಕಿ ತೆಗೆದಿಟ್ಟ ಹಣ್ಣಿನಂಗಡಿ.”

ಮೂಗುರಾಯ ತಲೆಯೊಳಗಿನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದ. ಅತ್ತೆ, ಮದುಮಗಳು, ಪಕ್ಕದ ಮನೆಯವಳು, ಯಾರೂ ಅದರಲ್ಲಿ ಸಿಗಲಿಲ್ಲ. ಅವಳು ಹೇಳಿದ ಐದಕ್ಕೆ ಐದೂ ಸರಿಯಾಗಿತ್ತು ಎಂಬುದು ಪಾಪ ಅವನಿಗೆ ಆಗ ತಿಳಿಯಲಿಲ್ಲ. ಹಣೆಯಿಂದ ಬೆವರು ಕೊಡಗಟ್ಟಲೆ ಇಳಿಯಿತು. ಗೋಡೆ ಗಡಿಯಾರ ನೋಡಿದರೆ ಮುಳ್ಳುಗಳು ಬಸ್ಸು ತಪ್ಪಿಸಿಕೊಂಡವರಂತೆ ಓಡುತ್ತಿದ್ದವು.

ಮೂರೂವರೆಗೆ ಮೇಲಿನಿಂದ ಯಜಮಾನ್ತಿಯ ದನಿ ಕೇಳಿಸಿತು. “ಬಾಟಲಿಗಳು ಮೇಲೆ ಬರ್ಲಿ! ಅವರು ಮೊದಲೇ ಬಂದುಬಿಟ್ರೆ ಕಷ್ಟ!”

ಪೊರಕೆ ಅಕ್ಕ ಓಡಿಹೋಗಿ ಒಣಗಿದ ಕಾಲುಚೀಲಗಳನ್ನು ತಂದು ಮೂಗುರಾಯನ ಜೇಬಿಗೆ ತುರುಕಿದಳು. ಮೂಗುರಾಯ ತಟ್ಟೆಯಲ್ಲಿ ಐದು ಬಾಟಲಿಗಳನ್ನಿಟ್ಟುಕೊಂಡು, ಗಲ್ಲಿಗೆ ಹೊರಟವನಂತೆ ಮೆಟ್ಟಿಲು ಹತ್ತಿದ. ಹದಿನಾರು ಮೆಟ್ಟಿಲು ಸುಸೂತ್ರ. ಹದಿನೇಳನೆಯದನ್ನು ಪೊರಕೆ ಅಕ್ಕ ಆಗಷ್ಟೇ ಸೋಪು ಹಾಕಿ ತೊಳೆದಿದ್ದಳು.

ಕಾಲು ಒಂದು ಕಡೆ ಹೋಯಿತು, ತಟ್ಟೆ ಇನ್ನೊಂದು ಕಡೆ ಹೋಯಿತು. ತಟ್ಟೆಯನ್ನು ಹಿಂದೆ ಬರುತ್ತಿದ್ದ ಡ್ರೈವರ್ ಹೊಟ್ಟೆಯಿಂದ ತಡೆದು ಉಳಿಸಿದ. ಮೂಗುರಾಯನನ್ನು ತಡೆಯುವವರು ಯಾರೂ ಇರಲಿಲ್ಲ. ಅವನು ಹೋಗಿ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಎಲ್ಲಕ್ಕಿಂತ ಮೊದಲು, ವಾಡಿಕೆಯಂತೆ, ಮೂಗು ತಲುಪಿತು.

ಲಟಕ್!

ಆ ಸದ್ದಿಗೆ ಎದುರು ಸಾಲಿನ ಅಂಗಡಿಯವರು ಹೊರಗೆ ಬಂದು ಆಕಾಶ ನೋಡಿದರು. ಹತ್ತು ವರ್ಷದಿಂದ ತುಕ್ಕು ಹಿಡಿದಿದ್ದ ಕದವೊಂದು ಮೂಗಿನೊಳಗೆ ಎಲ್ಲೋ ತೆರೆದುಕೊಂಡಿತು. ಲೋಕವೆಲ್ಲ ಒಮ್ಮೆಗೇ ಒಳಗೆ ನುಗ್ಗಿತು.

ಮೊದಲು ಸೋಪು. ಆಮೇಲೆ ಒದ್ದೆ ಗೋಡೆ. ಆಮೇಲೆ ಡ್ರೈವರನ ಬೂಟು. ಅಯ್ಯೋ, ಇಂಥ ಬೂಟಿನ ಪಕ್ಕದಲ್ಲಿ ಒಂಬತ್ತು ವರ್ಷ ಕೂತು ಊಟ ಮಾಡಿದೆನೇ! ಮೂಗುರಾಯ ಬಿದ್ದಲ್ಲಿಂದಲೇ ಬಾಯಿ ತೆರೆದು ನೋಡಿದ.

“ಪೆಟ್ಟಾಯ್ತಾ?” ಎಂದ ಡ್ರೈವರ್.

“ದೂರ ನಿಂತ್ಕೊ,” ಎಂದ ಮೂಗುರಾಯ. ಕಣ್ಣಲ್ಲಿ ನೀರು. ಪೆಟ್ಟಿನದೋ, ಸಂತೋಷದ್ದೋ, ಬೂಟಿನದೋ!

ಅವನು ಮೊದಲ ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದ. ಅಕ್ರೋಟು, ಸುಟ್ಟ ಸಕ್ಕರೆ, ಒಣಹುಲ್ಲು, ಅಟ್ಟದ ಬಿಸಿ. ದ್ರಾಕ್ಷಿ ಗೊಂಚಲುಗಳನ್ನು ತಿಂಗಳುಗಟ್ಟಲೆ ಒಣಗಿಸಿ, ರಸ ಹಿಂಡಿ, ಪುಟ್ಟ ಪೀಪಾಯಿಗೆ ತುಂಬಿ ಅಟ್ಟದ ಮೇಲೆ ವರ್ಷಗಟ್ಟಲೆ ಮರೆತುಬಿಡುವ ಸೀಮೆ. ಟಸ್ಕನಿ! ಎರಡನೆಯದರಲ್ಲಿ ಗುಲಾಬಿ, ಕಿತ್ತಳೆ ಹೂವು, ಮೆಟ್ಟಿಲು ಮೆಟ್ಟಿಲಾದ ಬೆಟ್ಟ, ಸುತ್ತ ಸಮುದ್ರ. ಸಾಮೋಸ್! ಮೂರನೆಯದು ಜೇನುಮೇಣ. ನದಿಯ ಮೇಲಿನ ಮಂಜಿನಿಂದ ಬೂಷ್ಟು ಹಿಡಿದು, ಮುದುಕಿಯ ಕೆನ್ನೆಯಂತೆ ಸುಕ್ಕಾದ ದ್ರಾಕ್ಷಿ. ಇನ್ನೊಬ್ಬರಾದರೆ ತಿಪ್ಪೆಗೆ ಎಸೆಯುವುದನ್ನು ಒಂದೊಂದಾಗಿ ಆರಿಸಿ ಬಂಗಾರ ಮಾಡುವ ಸೋಟರ್ನ್! ನಾಲ್ಕನೆಯದೂ ಬೂಷ್ಟಿನ ಕೂಸೇ, ಆದರೆ ಸಿಹಿಯ ಹಿಂದೆ ಚಾಕುವಿನಂಥ ಹುಳಿ, ಕಿತ್ತಳೆ ಸಿಪ್ಪೆ. ಗೋಡೆಗಳೆಲ್ಲ ಕರಿ ಬೂಷ್ಟಿನ ಕಂಬಳಿ ಹೊದ್ದ ನೆಲಮಾಳಿಗೆಗಳ ಟೊಕಾಯ್! ಐದನೆಯದು ಚಳಿಗಾಲದಲ್ಲಿ ಕಿಟಕಿ ತೆರೆದಿಟ್ಟ ಹಣ್ಣಿನಂಗಡಿ. ನಯಾಗರ!

ಪುಸ್ತಕದಲ್ಲಿ ಇದ್ದದ್ದು ಬರೀ ಅಕ್ಷರ. ಅಕ್ಷರಗಳು ಇಷ್ಟು ಚೆನ್ನಾಗಿರುತ್ತವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚೀಟಿ ನೋಡಿ, ಕಾಲುಚೀಲಗಳನ್ನು ಚಕಚಕನೆ ತೊಡಿಸಿದ. ಒಂದೂ ತಪ್ಪಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಹೋಟೆಲುಗಳವನು ಬಂದ. ಸಣ್ಣ ಆಳು, ಹದ್ದಿನ ಕಣ್ಣು. ಐದನ್ನೂ ಕುಡಿದ, ಬಾಯಲ್ಲಿ ಗುಳುಗುಳು ಮಾಡಿದ, ಹಿತ್ತಾಳೆ ಪಾತ್ರೆಗೆ ಉಗಿದ. ಮೂಗುರಾಯ ಕಾಲುಚೀಲ ಎಳೆದು ಘೋಷಿಸಿದ. ಎಲ್ಲ ಸರಿಹೋಯಿತು. ಅಷ್ಟಕ್ಕೇ ನಿಂತಿದ್ದರೆ ಈ ಕತೆಯೂ ನಿಲ್ಲುತ್ತಿತ್ತು. ಆದರೆ ಹದ್ದಿನ ಕಣ್ಣಿನವನು ನಕ್ಕ.

“ಚೀಟಿ ನೋಡಿ ಹೇಳೋದು ಯಾರಿಗಾದ್ರೂ ಬರುತ್ತೆ. ಎಲ್ಲಿ, ಹಿಂದೆ ತಿರುಗಿ ನಿಂತ್ಕೊಳ್ಳಿ.” ಲೋಟಗಳನ್ನು ಗಿರಗಿರನೆ ಅದಲುಬದಲು ಮಾಡಿದ. “ಈಗ ಹೇಳಿ ನೋಡೋಣ.”

ಯಜಮಾನ್ತಿಯ ಮುಖ ಸುಣ್ಣವಾಯಿತು. “ಅಯ್ಯೋ, ಅದೆಲ್ಲ ಯಾಕೆ, ಟೀ ತರಿಸ್ತೀನಿ...” ಎಂದು ಅಡ್ಡ ಬಂದಳು.

“ಪರವಾಗಿಲ್ಲಮ್ಮ,” ಎಂದ ಮೂಗುರಾಯ. ಒಂಬತ್ತು ವರ್ಷ ಕನಸಿನಲ್ಲಿ ಬೆಚ್ಚಿಬೀಳಿಸಿದ್ದ ಗಳಿಗೆ ಇದು. ಈಗ ಅದಕ್ಕಾಗಿ ಅವನ ಮೂಗು ತುಡಿಯುತ್ತಿತ್ತು. ಮೊದಲ ಲೋಟ ಎತ್ತಿದ. “ಟೊಕಾಯ್.” ಕುಡಿದ. ಉಗಿಯಲಿಲ್ಲ. ನುಂಗಿದ. “ಸಾಮೋಸ್.” ನುಂಗಿದ. “ನಯಾಗರ. ಈ ಲೋಟ ತೊಳೆದೋರು ಸೋಪು ಸರಿಯಾಗಿ ಬಿಟ್ಟಿಲ್ಲ.” ನುಂಗಿದ. “ಟಸ್ಕನಿ. ಅಮ್ಮಾ, ಆ ಪರದೆ ಒಗೆಸ್ಬೇಕು.” ನುಂಗಿದ. “ಸೋಟರ್ನ್. ಸ್ವಾಮಿ, ತಾವು ಬರೋವಾಗ ಈರುಳ್ಳಿ ತಿಂದು, ಆಮೇಲೆ ಗೊತ್ತಾಗಬಾರದು ಅಂತ ಲವಂಗ ಜಗಿದಿದ್ದೀರಿ.” ಲೋಟದ ತಳದ ಕೊನೆಯ ಹನಿಯನ್ನೂ ನಾಲಿಗೆ ಚಾಚಿ ಹಿಡಿದ.

ಹೋಟೆಲುಗಳವನು ಬಾಯಿಗೆ ಕೈ ಅಡ್ಡ ಹಿಡಿದು ಕುರ್ಚಿಯಿಂದ ಎದ್ದು ನಿಂತ. “ಇಂಥ ಮೂಗು ನಾನು ನೋಡೇ ಇಲ್ಲ! ಐದೂ ಕಳಿಸಿ. ಇಪ್ಪತ್ತೆರಡು ಹೋಟೆಲಿಗೂ ಕಳಿಸಿ!” ಪೊರಕೆ ಅಕ್ಕ ಚಪ್ಪಾಳೆ ತಟ್ಟಿದಳು. ಡ್ರೈವರ್ ಶಿಳ್ಳೆ ಹಾಕಿದ, ದೂರದಿಂದಲೇ. ಭಾಮೈದ ಬಾಗಿಲಿಗೆ ಒರಗಿ ಇನ್ನೊಂದು ಸಲ ಅತ್ತ.

ಹೋಟೆಲುಗಳವನು ಹೊರಟ ಮೇಲೆ ಯಜಮಾನ್ತಿ ಮೂಗುರಾಯನನ್ನು ತನ್ನ ಕೋಣೆಗೆ ಕರೆದಳು. ಬಡ್ತಿ ಎಂದುಕೊಂಡ ಮೂಗುರಾಯ ಕಾಲರ್ ಸರಿಮಾಡಿಕೊಂಡು ಒಳಗೆ ಹೋದ. ಯಜಮಾನ್ತಿ ಬಾಗಿಲು ಹಾಕಿ, ತಲೆಯ ಮೇಲೆ ಕೈ ಹೊತ್ತು ಕೂತಳು.

“ಯಾವಾಗಿಂದ?” ಎಂದಳು.

“ಏನಮ್ಮ?”

“ಮೂಗು. ಯಾವಾಗಿಂದ ಸರಿಹೋಯ್ತು?”

ಮೂಗುರಾಯನ ಕೈ ಕಾಲರಿನಿಂದ ಮೂಗಿಗೆ ಹೋಯಿತು. “ತಮಗೆ... ತಮಗೆ ಗೊತ್ತಿತ್ತಾ?”

“ಗೊತ್ತಿದ್ದಿದ್ದಕ್ಕೇ ಕೆಲಸ ಕೊಟ್ಟಿದ್ದು! ಒಂಬತ್ತು ವರ್ಷದ ಹಿಂದೆ ಈ ಕೋಣೇಲೇ ಸಂದರ್ಶನ ನಡೀತಲ್ಲ, ಆ ಕುರ್ಚಿ ಕೆಳಗೆ ನಾನು ಕೊಳೆತ ಮೊಟ್ಟೆ ಇಟ್ಟಿದ್ದೆ. ಹದಿನಾಲ್ಕು ಜನ ಬಂದ್ರು, ಹದಿನಾಲ್ಕು ಜನಾನೂ ಮೂಗು ಮುಚ್ಕೊಂಡು ಎದ್ದು ಓಡಿದ್ರು. ನೀವೊಬ್ರೇ ಒಂದು ಗಂಟೆ ಅದರ ಮೇಲೆ ಕೂತು, ಕಿತ್ತಳೆ ಹೂವು ಅಂದ್ರೆ ಏನು ಅಂತ ನನಗೆ ಪಾಠ ಹೇಳಿದ್ರಿ. ಆವತ್ತು ನಾನು ಸಂತೋಷಕ್ಕೆ ಅತ್ತಿದ್ದೆ ಕಣ್ರೀ.”

“ಸಂತೋಷಕ್ಕಾ?”

“ಮತ್ತೆ? ನಿಮಗಿಂತ ಮುಂಚೆ ಆ ನೆಲಮಾಳಿಗೇಲಿ ಮೂರು ಜನ ಮೂಗಿರೋರು ಇದ್ರು. ಒಬ್ಬ ಟೊಕಾಯ್ ಎಲ್ಲಾ ಕುಡಿದು ಖಾಲಿ ಮಾಡಿದ. ಇನ್ನೊಬ್ಬ ಸೋಟರ್ನ್ ಜೊತೆ ಸೋಟರ್ನಿಗೇ ಓಡಿಹೋದ. ಮೂರನೆಯವರು ಒಂದು ಪೀಪಾಯಿ ಒಳಗೇ ಸಂಸಾರ ಹೂಡಿದ್ರು. ಅವರು ನಮ್ಮನೆಯವರು.” ಯಜಮಾನ್ತಿ ಕಣ್ಣೊರೆಸಿಕೊಂಡಳು. “ನೀವು ಬಂದ್ಮೇಲೆ ಒಂದು ಹನಿ ಕಡಿಮೆ ಆಗಿರ್ಲಿಲ್ಲ. ಒಂಬತ್ತು ವರ್ಷ ಉಗಿದ್ರಿ. ಇವತ್ತು ಐದೂ ನುಂಗಿದ್ರಿ. ಐದೂ! ಲೋಟ ನೆಕ್ಕಿದ್ರಿ!”

“ಇನ್ನು ಮೇಲೆ ನೆಕ್ಕಲ್ಲಮ್ಮ.”

“ಹಾಗಂತ ನಮ್ಮನೆಯವರೂ ಹೇಳಿದ್ರು.” ಅವಳು ಎದ್ದು ನಿಂತಳು. “ನಿಮ್ಮನ್ನ ಬೀದಿಗೆ ಹಾಕೋ ಕಟುಕಿ ನಾನಲ್ಲ. ಊರಾಚೆ ನಮ್ಮದು ಚರ್ಮ ಹದ ಮಾಡೋ ಕಾರ್ಖಾನೆ ಇದೆ. ಅಲ್ಲಿನ ಉಗ್ರಾಣದವನಿಗೆ ಆಗಲೇ ಫೋನ್ ಮಾಡಿದೀನಿ, ಹೊರಟಿದಾನೆ. ಹನ್ನೆರಡು ವರ್ಷ ಹಸಿ ಚರ್ಮದ ಮಧ್ಯೆ ಕೂತು ಅವನ ಮೂಗು ಪೂರ್ತಿ ಸತ್ತುಹೋಗಿದೆ. ಚಿನ್ನದಂಥ ಮನುಷ್ಯ. ಅವನು ಇಲ್ಲಿಗೆ, ನೀವು ಅಲ್ಲಿಗೆ. ಅಲ್ಲೂ ಉಗ್ರಾಣದ ಮೇಲೆ ಎರಡು ಕೋಣೆ ಇದೆ. ಗಾಳಿ ಚೆನ್ನಾಗಿ ಬರುತ್ತೆ.”

ಮೂಗುರಾಯ ಉತ್ತರ ಕೊಡಲು ಬಾಯಿ ತೆರೆದ. ತೆರೆದದ್ದೇ ತಪ್ಪಾಯಿತು. ಆ ಕ್ಷಣದಲ್ಲಿ ಬೀದಿಯ ತುದಿಯಿಂದ ಏನೋ ಒಂದು ಬಂದು ಅವನ ಹೊಚ್ಚಹೊಸ ಮೂಗಿಗೆ ಗುದ್ದಿತು. ಅದು ಗೇಟು ದಾಟಿತು, ಮಳಿಗೆ ದಾಟಿತು, ಮುಚ್ಚಿದ ಬಾಗಿಲನ್ನು ಲೆಕ್ಕಿಸದೆ ಒಳಗೆ ಬಂದು ಕೂತಿತು. ಅದಾಗಿ ಪೂರಾ ನಾಲ್ಕು ನಿಮಿಷದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ನಗುಮುಖದ, ಸಾಧು ಸ್ವಭಾವದ ಒಬ್ಬ ಮುದುಕ, ಕಂಕುಳಲ್ಲಿ ಹಾಸಿಗೆ ಸುರುಳಿ ಇಟ್ಟುಕೊಂಡು ನಿಂತಿದ್ದ.

ಮೂಗುರಾಯ ಗೋಡೆ ಹಿಡಿದುಕೊಂಡ. ಅವನ ಸ್ಥಿತಿ ನೋಡಿ ಮುದುಕನ ಕರುಳು ಚುರುಕ್ ಎಂದಿತು. ಹತ್ತಿರ ಬಂದು, ಇನ್ನೂ ಹತ್ತಿರ ಬಂದು, ಹೆಗಲ ಮೇಲೆ ಪ್ರೀತಿಯಿಂದ ಕೈಹಾಕಿದ.

“ಏನೂ ಯೋಚನೆ ಮಾಡ್ಬೇಡ ತಮ್ಮಾ,” ಎಂದ. “ಮೊದಲ ಐದಾರು ವರ್ಷ ಅಷ್ಟೇ ಕಷ್ಟ.”